ಕಂಪನಿ ಒಳಗಿನ ಟೂಲ್‌ಗಳಿಗೆ ಯುಎಕ್ಸ್ ಡಿಸೈನರ್ ಆಗಿ ಹೋಗಬಹುದಾ? ಅನುಭವ ಇದ್ದವರು ಹೇಳಿ

ಗೊಂದಲದ ಗೂಡು: ಈಗ ಒಂದು ಶಾಪಿಂಗ್ ಆ್ಯಪ್‌ಗೆ ಯುಎಕ್ಸ್ ಡಿಸೈನ್, ಅಂದರೆ ಬಳಸುವವರಿಗೆ ಸುಲಭ ಆಗುವಂತೆ ಸ್ಕ್ರೀನ್ ರೂಪಿಸುವ ಕೆಲಸ, ಮಾಡುತ್ತಿದ್ದೇನೆ. ದೊಡ್ಡ ಕಂಪನಿಯ ಇಂಟರ್ನಲ್ ಟೂಲ್ಸ್ ತಂಡದಿಂದ ಆಫರ್ ಬಂದಿದೆ. ರಜೆ ಅರ್ಜಿ, ಖರ್ಚಿನ ಬಿಲ್, ಐಟಿ ಟಿಕೆಟ್, ಖರೀದಿ ಒಪ್ಪಿಗೆ, ಇಂಥವು. ಹೊರಗಿನವರು ಯಾರೂ ನೋಡದ ಕೆಲಸ. ಮುಂದೆ ವಾಪಸ್ ಬರೋಕೆ ಆಗುತ್ತಾ? ಮಾಡಿದ ಕೆಲಸ ತೋರಿಸುವ ಪೋರ್ಟ್‌ಫೋಲಿಯೊ ಗತಿ ಏನು?

ಟ್ಯಾಬ್ ಕೀ ಭಕ್ತ: ಕಣ್ಣು ಮುಚ್ಚಿಕೊಂಡು ಹೋಗಿ. ನಾನು ಕಾಲ್ ಸೆಂಟರ್ ಸಿಬ್ಬಂದಿಯ ಟೂಲ್ ನೋಡಿಕೊಳ್ಳುತ್ತೇನೆ. ನನಗಿಂತ ಮುಂಚೆ ಬಂದ ಏಜೆನ್ಸಿಯವರು ಹಳೇ ಬೂದು ಸ್ಕ್ರೀನನ್ನು ಚೆಂದ ಮಾಡಲು ಹೊರಟರು. ದೊಡ್ಡ ದೊಡ್ಡ ಕಾರ್ಡು, ಸುತ್ತ ಖಾಲಿ ಜಾಗ, ಒಂದೇ ಪುಟದಲ್ಲಿದ್ದ ಫಾರ್ಮ್ ನಾಲ್ಕು ಹಂತ ಆಯಿತು. ಡೆಮೊದಲ್ಲಿ ಮ್ಯಾನೇಜರ್‌ಗಳು ಚಪ್ಪಾಳೆ ತಟ್ಟಿದರು. ಬಳಸುವವರು ಬಾಯಿಗೆ ಬಂದಂತೆ ಬೈದರು. ಅವರ ಬೆರಳಿಗೆ ಎಲ್ಲ ಬಾಯಿಪಾಠ: ಮೂರು ಟ್ಯಾಬ್, ಖಾತೆ ಸಂಖ್ಯೆ, ಎರಡು ಟ್ಯಾಬ್, ಎಂಟರ್. ಗ್ರಾಹಕ ಲೈನ್‌ನಲ್ಲಿ ಕೂಗಾಡುತ್ತಿರುವಾಗ ಮೌಸ್ ಹಿಡಿಯಲು ಯಾರಿಗೆ ಪುರುಸೊತ್ತು? ನಾನು ಬಂದು ಟೇಬಲ್ ವಾಪಸ್ ತಂದೆ, ಸಾಲುಗಳ ಎತ್ತರ ಕಮ್ಮಿ ಮಾಡಿದೆ, ಹಳೇ ಶಾರ್ಟ್‌ಕಟ್ ಒಂದನ್ನೂ ಮುಟ್ಟಲಿಲ್ಲ. ಬಳಸುವವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ದಿನವಿಡೀ ನೋಡಬಹುದು. ಶಾಪಿಂಗ್ ಆ್ಯಪ್‌ನಲ್ಲಿ ಈ ಭಾಗ್ಯ ಇದೆಯಾ?

ಮಸುಕು ಸ್ಕ್ರೀನ್‌ಶಾಟ್: ಪುಣ್ಯವಂತರು ನೀವು. ನನ್ನ ಕಥೆ ಕೇಳಿ. ಖರೀದಿ ಒಪ್ಪಿಗೆಯ ಟೂಲ್. ಒಪ್ಪಿಗೆ ಕೊಡುವವರು ಬಜೆಟ್ ಎಷ್ಟು ಉಳಿದಿದೆ ಅಂತ ನೋಡಲು ಒಂದು ಸ್ಕ್ರೀನ್, ಹಳೇ ಆರ್ಡರ್‌ಗೆ ಇನ್ನೊಂದು, ಕೊಟೇಶನ್‌ಗೆ ಮೇಲ್. ಎಲ್ಲವನ್ನೂ ಒಂದೇ ಪುಟಕ್ಕೆ ತಂದೆ. ಆಮೇಲೆ ಸೆಕ್ಯುರಿಟಿ ರಿವ್ಯೂ, ಆಡಿಟ್‌ನವರ ತಕರಾರು, ಯಾರಿಗೆ ಯಾವ ಕಾಲಂ ಕಾಣಬೇಕು ಅನ್ನೋ ಜಗಳ. ಅದೆಲ್ಲ ಮುಗಿಯುವಷ್ಟರಲ್ಲಿ ಮೇಲಿನವರು ಬದಲಾದರು. ಹೊಸಬರು ರೆಡಿಮೇಡ್ ಪ್ಯಾಕೇಜ್ ಕೊಂಡರು. ಅದರಲ್ಲಿ ನಾನು ಬದಲಿಸಬಹುದಾಗಿದ್ದು ಲೋಗೊ ಮತ್ತು ಬಟನ್ ಮೇಲಿನ ಅಕ್ಷರ. ಬೇರೇನು ಮುಟ್ಟಿದರೂ ಮುಂದಿನ ಅಪ್‌ಗ್ರೇಡ್‌ನಲ್ಲಿ ಒಡೆಯುತ್ತದೆ ಅಂತ ಹೆದರಿಕೆ. ಕೊಳ್ಳುವವರೇ ಬೇರೆ, ಬಳಸುವವರೇ ಬೇರೆ. ಕೊಂಡವರು ಒಂದು ದಿನವೂ ಲಾಗಿನ್ ಆಗಿಲ್ಲ.

ಇಂಟರ್‌ವ್ಯೂ ಅಂತೂ ಕೇಳಲೇಬೇಡಿ. ಗೌಪ್ಯತೆ ಒಪ್ಪಂದ ಇದೆ, ನನ್ನ ಇನ್ನೊಂದು ಕೆಲಸವಾದ ಖರ್ಚಿನ ಬಿಲ್ ಟೂಲ್‌ನ ಚಿತ್ರ ಎಲ್ಲ ಮಸುಕು ಮಾಡಿ ತೋರಿಸಿದೆ. "ಕನ್ವರ್ಶನ್ ಎಷ್ಟು ಜಾಸ್ತಿ ಆಯ್ತು?" ಅಂದರು, ಅಂದರೆ ನೋಡಲು ಬಂದವರಲ್ಲಿ ಎಷ್ಟು ಜನ ಕೊನೆಯವರೆಗೆ ಹೋಗಿ ಕೆಲಸ ಮುಗಿಸಿದರು ಅಂತ. ಖರ್ಚಿನ ಬಿಲ್ ಹಾಕದಿದ್ದರೆ ಕೈಯಿಂದ ಹೋಗುತ್ತದೆ ಸ್ವಾಮಿ, ಎಲ್ಲರೂ ಹಾಕಲೇಬೇಕು, ಎಲ್ಲಿಯ ಕನ್ವರ್ಶನ್? ಬಳಸಲು ಎಷ್ಟು ಸುಲಭ ಅಂತ ಬಳಸುವವರನ್ನೇ ಕೇಳಿ 100ಕ್ಕೆ ಅಂಕ ಹಾಕುವ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್‌ನಲ್ಲಿ 50ರ ಕೆಳಗಿದ್ದ ಟೂಲ್ 70 ದಾಟಿತು ಅಂದೆ. 68 ಸರಾಸರಿ ಅನ್ನೋದನ್ನೂ ನಾನೇ ಹೇಳಬೇಕಾಯಿತು. ಮುಖ ಮುಖ ನೋಡಿಕೊಂಡರು.

ಕಾಂಟ್ರಾಸ್ಟ್ ಪೊಲೀಸ್: ಟ್ಯಾಬ್ ಕೀ ಅವರೇ, ಸಾಲುಗಳ ಎತ್ತರ ಕಮ್ಮಿ ಮಾಡಿದ್ದನ್ನು ಸಾಧನೆ ಅಂತ ಬರೆದಿದ್ದೀರಲ್ಲ, ಕೈ ನಡುಗುವವರು ಏನು ಮಾಡಬೇಕು? ಅಂಗವಿಕಲರೂ ವೆಬ್ ಬಳಸುವಂತಿರಬೇಕು ಅನ್ನೋ ಮಾರ್ಗಸೂಚಿ, 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 ನೋಡಿ. ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕು, ಇಲ್ಲವೇ ನಡುವೆ ತಕ್ಕ ಅಂತರ ಇರಬೇಕು. ನಮ್ಮಲ್ಲಿ ಬೂದು ಹಿನ್ನೆಲೆ ಮೇಲೆ ಬೂದು ಅಕ್ಷರ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಬೇಕಾದ 4.5:1 ಕಾಂಟ್ರಾಸ್ಟ್ ಹತ್ತಿರಕ್ಕೂ ಇರಲಿಲ್ಲ. ದೃಷ್ಟಿ ಕಮ್ಮಿ ಇದ್ದ ಸಹೋದ್ಯೋಗಿ ರಜೆ ಹಾಕಲು ಪಕ್ಕದವರನ್ನು ಕರೆಯಬೇಕಿತ್ತು. ತನ್ನ ಕಾಯಿಲೆ ಏನು ಅಂತ ಅವರಿಂದಲೇ ಟೈಪ್ ಮಾಡಿಸಬೇಕಿತ್ತು. ಸರಿ ಮಾಡೋಣ ಅಂದರೆ "ಒಳಗಿನ ಟೂಲ್ ತಾನೇ, ಬಜೆಟ್ ಇಲ್ಲ."

ಟ್ಯಾಬ್ ಕೀ ಭಕ್ತ: ನನ್ನ ಸಾಲು 28 ಪಿಕ್ಸೆಲ್. ಕೇಳಿ ಬೈಯಿರಿ. ಬೇಕಾದವರು ಅಗಲ ಮಾಡಿಕೊಳ್ಳುವ ಆಯ್ಕೆಯೂ ಇದೆ.

ಮಾಜಿ ಬ್ಯಾಂಕಿನವ: "ಯಾರೂ ನೋಡದ ಕೆಲಸ" ಅಂದದ್ದು ನನಗೆ ಚುಚ್ಚಿತು. 2020ರ ಆಗಸ್ಟ್‌ನಲ್ಲಿ ಸಿಟಿಬ್ಯಾಂಕ್, ಸೌಂದರ್ಯವರ್ಧಕ ಕಂಪನಿ ರೆವ್ಲಾನ್‌ಗೆ ಸಾಲ ಕೊಟ್ಟವರಿಗೆ ಬಡ್ಡಿ ಕಳಿಸಬೇಕಿತ್ತು. ಹೋಗಿದ್ದು ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್. ಅಸಲು ಹೊರಗೆ ಹೋಗದಂತೆ ತಡೆಯಲು ಫ್ಲೆಕ್ಸ್‌ಕ್ಯೂಬ್ ಅನ್ನೋ ಬ್ಯಾಂಕ್ ಸಾಫ್ಟ್‌ವೇರ್‌ನ ಸ್ಕ್ರೀನ್‌ನಲ್ಲಿ ಮೂರು ಬಾಕ್ಸ್ ತುಂಬಬೇಕಿತ್ತು, ತುಂಬಿದ್ದು ಒಂದನ್ನೇ. ಮೂರು ಜನ ನೋಡಿ ಸರಿ ಅಂದಿದ್ದರು. ನಾನು ಇಂಥದ್ದೇ ಸ್ಕ್ರೀನ್ ಮಾಡುತ್ತಿದ್ದೆ. "ಇಷ್ಟು ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ" ಅಂತ ಒಂದು ಸಾಲು ಸೇರಿಸಲು ಎಷ್ಟು ಮೀಟಿಂಗ್‌ಗಳಲ್ಲಿ ಗುದ್ದಾಡಿದೆ ಗೊತ್ತಾ?

ಟ್ರೈನಿಂಗ್ ಟೀಮ್: ಅದು ಡಿಸೈನ್ ತಪ್ಪಲ್ಲ ಸರ್. ಮ್ಯಾನ್ಯುಯಲ್ ಓದದವರ ತಪ್ಪು. ಪ್ರತಿ ಸಲ ನೀವು ಸ್ಕ್ರೀನ್ ಬದಲಿಸುತ್ತೀರಿ, ಎಲ್ಲರಿಗೂ ಮತ್ತೆ ಕಲಿಸುವವರು ನಾವು. ಆ ಖರ್ಚು ನಿಮ್ಮ ಕೇಸ್ ಸ್ಟಡಿಯಲ್ಲಿ ಎಲ್ಲೂ ಬರುವುದಿಲ್ಲ.

ಮಾಜಿ ಬ್ಯಾಂಕಿನವ: ಮೂರು ಜನ ನೋಡಿದರೂ ಗೊತ್ತಾಗಲಿಲ್ಲ. ಇನ್ನೂ ಮ್ಯಾನ್ಯುಯಲ್ ಅಂತೀರಲ್ಲ!

ಗೊಂದಲದ ಗೂಡು: ಪೋರ್ಟ್‌ಫೋಲಿಯೊ ಬಗ್ಗೆ ಕೇಳಿದ್ದೆ...

ಮಸುಕು ಸ್ಕ್ರೀನ್‌ಶಾಟ್: ಸಹಿ ಹಾಕುವ ಮುಂಚೆ ಏನು ತೋರಿಸಬಹುದು ಅಂತ ಬರಹದಲ್ಲಿ ಕೇಳಿ. ಸುಳ್ಳು ಡೇಟಾ ಹಾಕಿ ಮತ್ತೆ ಬಿಡಿಸಿದ ಸ್ಕ್ರೀನ್ ಆದರೂ ನಡೆಯುತ್ತಾ ಕೇಳಿ. ನಿಮ್ಮ ಡಿಸೈನ್ ಎಷ್ಟೇ ಚೆಂದ ಇರಲಿ, ಎಲ್ಲರೂ ಡೇಟಾ ಎಕ್ಸೆಲ್‌ಗೆ ಇಳಿಸಿಕೊಂಡೇ ಕೆಲಸ ಮಾಡುವುದು. ಅದಕ್ಕೂ ರೆಡಿ ಇರಿ.

ಟ್ಯಾಬ್ ಕೀ ಭಕ್ತ: ಎಕ್ಸೆಲ್‌ಗೆ ಇಳಿಸುತ್ತಾರೆ ಅಂದರೆ ನಿಮ್ಮ ಟೇಬಲ್‌ನಲ್ಲಿ ಫಿಲ್ಟರ್ ಸರಿ ಇಲ್ಲ ಅಂತ.

ಮಸುಕು ಸ್ಕ್ರೀನ್‌ಶಾಟ್: ಫಿಲ್ಟರ್ ಪ್ಯಾಕೇಜಿನದು ಕಣ್ರೀ! ಮೇಲೆ ಬರೆದದ್ದು ಓದಿದ್ರಾ?