ಹಳೆಯ ಸುಣ್ಣದ ಗಾರೆ ಗೋಡೆಯಲ್ಲಿ ಪೇಂಟ್ ಏಳುತ್ತಿದೆ, ಏನು ಪರಿಹಾರ?

ಪ್ರಶ್ನೆ: ನಗರದ ಪಾರಂಪರಿಕ ಪ್ರದೇಶದಲ್ಲಿ ನವೀಕರಿಸಿದ ಒಂದು ಬೆಡ್‌ರೂಮ್ ಫ್ಲ್ಯಾಟ್, ನೆಲಮಹಡಿ. ಇಟ್ಟಿಗೆ-ಸುಣ್ಣದ ಗೋಡೆಯ ಮೇಲೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಮಾಡಿದ್ದಾರೆ. ನೆಲದಿಂದ ಮೂರಡಿವರೆಗೆ ಬಿಳಿ ಉಪ್ಪು ಎದ್ದು ಪೇಂಟ್ ಉದುರುತ್ತಿದೆ. ಒಳಗಡೆ ವಾಟರ್‌ಪ್ರೂಫ್ ಕೋಟ್ ಹೊಡೆಸಿದರೆ ಸಾಕೇ?

ಉತ್ತರ 1: ದಯವಿಟ್ಟು ಬೇಡ. ಇಂಥ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತದೆ. ದಾರಿ ಮುಚ್ಚಿದರೆ ತೇವ ಇನ್ನೂ ಮೇಲೇರುತ್ತದೆ, ಇಟ್ಟಿಗೆಯೇ ಪುಡಿಯಾಗುತ್ತದೆ.

ಉತ್ತರ 2: ಕಲೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ; ತೊಳೆದರೆ ಕರಗಿ ಮತ್ತೆ ಒಳಗೆ ಇಳಿಯುತ್ತದೆ. ಗೋಡೆ ಚೆನ್ನಾಗಿ ಒಣಗಿದ ಮೇಲೆ 1 ಪಾಲು ಸುಣ್ಣ, 3 ಪಾಲು ಜರಡಿ ಹಿಡಿದ ಮರಳಿನ ಗಾರೆ, ಪದರ 10 ಮಿ.ಮೀ. ಮೀರದಂತೆ. ಗಟ್ಟಿಯಾಗಲಿ ಎಂದು ಮೇಸ್ತ್ರಿ ಒಂದು ಬಾಂಡಲಿ ಸಿಮೆಂಟ್ ಸೇರಿಸಲು ಬಂದರೆ ತಡೆಯಿರಿ. ಒಂದು ವಾರ ನೀರು ಚಿಮುಕಿಸಿ. ಬೇಗ ಒಣಗಿದರೆ ಬಿರುಕು ಖಚಿತ. ಮೇಲೆ ಸುಣ್ಣದ ಬಣ್ಣ ಮಾತ್ರ, ಪುಟ್ಟಿ ಬೇಡ.

ಉತ್ತರ 3: ಕೆತ್ತಿಸುವ ಮೊದಲು ಪೈಪ್ ಸೋರಿಕೆ ನೋಡಿ. ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ರೀಡಿಂಗ್ ಬರೆದಿಡಿ. ಬೆಳಗ್ಗೆ ಅದು ಏರಿದ್ದರೆ ಮೊದಲು ಪ್ಲಂಬರ್ ಕರೆಸಿ. ತೇವ ಬಚ್ಚಲಿನ ಗೋಡೆಗಷ್ಟೇ ಇದ್ದರೂ ಅನುಮಾನ ಪೈಪಿನ ಮೇಲೆಯೇ.