ಯುಎಸ್ ಓಪನ್ ಕಪ್‌ಗೆ ಲಾಮರ್ ಹಂಟ್ ಹೆಸರು ಯಾಕೆ?

ಕಾರ್ನರ್‌ಕಿಕ್:
ಓಪನ್ ಕಪ್ 1914ರಿಂದ ಇರೋ ಅಮೆರಿಕದ ಸಾಕರ್ (ಅಂದ್ರೆ ನಮ್ಮ ಫುಟ್‌ಬಾಲ್) ಟೂರ್ನಿ. 1999ರಲ್ಲಿ ಅದಕ್ಕೆ ಲಾಮರ್ ಹಂಟ್ ಹೆಸರಿಟ್ಟರು. ಇವರು ಕಾನ್ಸಾಸ್ ಸಿಟಿ ಚೀಫ್ಸ್ ಮಾಲೀಕರಾಗಿದ್ದವರು, ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಆಡೋ ಫುಟ್‌ಬಾಲ್‌ನವರು. ಸಾಕರ್‌ಗೆ ಬರೀ ದುಡ್ಡು ಹಾಕಿದ್ರಾ, ಇಲ್ಲಾ ಇವತ್ತಿಗೂ ಉಳಿದಿರೋದು ಏನಾದ್ರೂ ಇದೆಯಾ?

ಎಡಗಾಲು:
ದುಡ್ಡು ಹಾಕಿ ಕಳ್ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಹಂಟ್ ಬಿಟ್ಟುಹೋಗಿದ್ದು ಕ್ರೀಡಾಂಗಣದ ಲೆಕ್ಕಾಚಾರ.

ಅಮೆರಿಕದ ಈಗಿನ ಸಾಕರ್ ಲೀಗ್ ಎಂಎಲ್‌ಎಸ್ 1996ರಲ್ಲಿ ಶುರುವಾದಾಗ ಅವರ ತಂಡ ಕೊಲಂಬಸ್ ಕ್ರ್ಯೂ ಆಡ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್‌ನ ಓಹಿಯೊ ಸ್ಟೇಡಿಯಂನಲ್ಲಿ. ಹತ್ತಿರಹತ್ತಿರ 90 ಸಾವಿರ ಸೀಟು. ಅಲ್ಲಿ 15 ಸಾವಿರ ಜನ ಬಂದ್ರೂ ಟಿವಿಯಲ್ಲಿ ಖಾಲಿ ಖಾಲಿ. ಇನ್ನೊಂದು ತೊಡಕು ಅಗಲದ್ದು: ಅಮೆರಿಕನ್ ಫುಟ್‌ಬಾಲ್ ಅಂಗಳ 53 ಗಜ ಚಿಲ್ಲರೆ, ಸಾಕರ್‌ನ ಅಂತರರಾಷ್ಟ್ರೀಯ ಪಂದ್ಯಕ್ಕೆ ಕನಿಷ್ಠ 70 ಗಜ ಬೇಕು. ಸೀಟುಗಳು ಅಂಚಿಗೇ ಬಂದು ನಿಂತಿದ್ರೆ ಅಂಚಿನಲ್ಲಿ ಓಡಿ ಆಡೋ ವಿಂಗರ್‌ಗೆ ಜಾಗ ಎಲ್ಲಿ? ಜೊತೆಗೆ ಬಾಡಿಗೆಗಿರೋ ತಂಡಕ್ಕೆ ಬೇಕಾದ ದಿನ ಸಿಗೋದು ಕಷ್ಟ. ಪಾರ್ಕಿಂಗ್, ತಿಂಡಿ ಅಂಗಡಿ, ಬೋರ್ಡ್ ಜಾಹೀರಾತಿನ ಆದಾಯದಲ್ಲಿ ದೊಡ್ಡ ಪಾಲು ಕಟ್ಟಡದವರಿಗೇ ಹೋಗುತ್ತೆ.

1997ರಲ್ಲಿ ಮಾರಾಟ ತೆರಿಗೆ ಏರಿಸಿ ಕ್ರೀಡಾಂಗಣ ಕಟ್ಟೋ ಪ್ರಸ್ತಾಪವನ್ನ ಮತದಾರರು ತಳ್ಳಿಹಾಕಿದ್ರು. ಪಕ್ಕದ ಡಬ್ಲಿನ್‌ನಲ್ಲೂ ಅದೇ ಗತಿ. ಕೊನೆಗೆ ರಾಜ್ಯದ ಜಾತ್ರೆ ಮೈದಾನದಲ್ಲಿ ಜಾಗ ಗುತ್ತಿಗೆ ಹಿಡಿದು, ಸುಮಾರು 2.85 ಕೋಟಿ ಡಾಲರ್‌ನಲ್ಲಿ ಖಾಸಗಿ ದುಡ್ಡಲ್ಲೇ ಕಟ್ಟಿಸಿದ್ರು. ಅಲ್ಯೂಮಿನಿಯಂ ಬೆಂಚು, ಪ್ರೇಕ್ಷಕರ ತಲೆ ಮೇಲೆ ಸೂರಿಲ್ಲ, 22 ಸಾವಿರ ಚಿಲ್ಲರೆ ಸೀಟು. ಚೆಂದ ಏನಿರಲಿಲ್ಲ ಬಿಡಿ. 1999ರ ಮೇ 15ರಂದು ಮೊದಲ ಪಂದ್ಯ, ನ್ಯೂ ಇಂಗ್ಲೆಂಡ್ ವಿರುದ್ಧ 2-0 ಗೆಲುವು. ಎಂಎಲ್‌ಎಸ್‌ನಲ್ಲಿ ಸಾಕರ್‌ಗೇ ಅಂತ ಕಟ್ಟಿದ ಮೊದಲ ಕ್ರೀಡಾಂಗಣ ಅದು. ಆಮೇಲೆ 2003ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಕಾರ್ಸನ್, 2005ರಲ್ಲಿ ಡಲ್ಲಾಸ್ ಹತ್ತಿರದ ಫ್ರಿಸ್ಕೊ. ಫ್ರಿಸ್ಕೊದ್ದೂ ಹಂಟ್ ಅವರದೇ.

ಹಾಫ್‌ಟೈಮ್:
ಒಪ್ತೀನಿ, ಆದ್ರೆ ಒಂದು ತಿದ್ದುಪಡಿ. ಅವರ ಇನ್ನೊಂದು ತಂಡ ಕಾನ್ಸಾಸ್ ಸಿಟಿ ವಿಜರ್ಡ್ಸ್ ಮಾತ್ರ ಚೀಫ್ಸ್‌ನ ಆರೋಹೆಡ್ ಕ್ರೀಡಾಂಗಣದಲ್ಲೇ ಕೊಳೀತಿತ್ತು. ತಾವೇ ಹೇಳಿದ ಮದ್ದನ್ನ ತಮ್ಮ ಮನೆಯಲ್ಲೇ ಕುಡಿಸಲಿಲ್ಲ. 2006ರಲ್ಲಿ ಆ ತಂಡವನ್ನ ಮಾರಿದ್ರು.

ನನ್ನ ಪ್ರಕಾರ 2002 ಹೆಚ್ಚು ದೊಡ್ಡದು. ಟ್ಯಾಂಪಾ, ಮಯಾಮಿ ತಂಡಗಳನ್ನ ಮುಚ್ಚಿದ ಮೇಲೆ ಉಳಿದ 10 ತಂಡಗಳನ್ನ ನಡೆಸೋಕೆ ಮೂರೇ ಜನ ಮಾಲೀಕರು: ಫಿಲಿಪ್ ಆನ್‌ಶುಟ್ಸ್, ರಾಬರ್ಟ್ ಕ್ರಾಫ್ಟ್, ಹಂಟ್. ಅಂಥ ಹೊತ್ತಲ್ಲೂ 2002, 2006ರ ವಿಶ್ವಕಪ್‌ನ ಇಂಗ್ಲಿಷ್ ಪ್ರಸಾರ ಹಕ್ಕು ಕೊಂಡು, ಸಾಕರ್ ಯುನೈಟೆಡ್ ಮಾರ್ಕೆಟಿಂಗ್ ಅನ್ನೋ ಕಂಪನಿ ಕಟ್ಟಿದ್ರು. ಒಬ್ಬರು ಕೈ ಎತ್ತಿದ್ರೂ ಲೀಗ್ ಕಥೆ ಮುಗೀತಿತ್ತು.

ಕಾರ್ನರ್‌ಕಿಕ್:
ಅಷ್ಟು ನಷ್ಟದಲ್ಲೂ ಯಾಕೆ ಕೂತ್ರು?

ಎಡಗಾಲು:
ನಷ್ಟ ಅವರಿಗೆ ಹೊಸದಲ್ಲ. 1967ರಲ್ಲಿ ಅವರ ಡಲ್ಲಾಸ್ ಟೊರ್ನಾಡೊ ಹೆಸರಲ್ಲಿ ಆಡಿದ್ದು ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್, ಇಡೀ ತಂಡನೇ ಎರವಲು! ಮರುವರ್ಷ ಸ್ವಂತ ತಂಡ: 32 ಪಂದ್ಯ, ಗೆದ್ದಿದ್ದು 2, ಸೋತಿದ್ದು 26. 1969ಕ್ಕೆ ಅವರ ತಂಡ ಆಡ್ತಿದ್ದ ಎನ್‌ಎಎಸ್‌ಎಲ್ (ಆಗಿನ ಅಮೆರಿಕದ ಸಾಕರ್ ಲೀಗ್) 17 ತಂಡದಿಂದ 5ಕ್ಕೆ ಇಳೀತು; ಆ ಐದರಲ್ಲಿ ಟೊರ್ನಾಡೊ ಇತ್ತು, 1971ರಲ್ಲಿ ಚಾಂಪಿಯನ್ನೂ ಆಯ್ತು. ಮುಂದೆ ತಾರೆಯರಿಗೆ ಯದ್ವಾತದ್ವಾ ಸುರಿದ ಎನ್‌ಎಎಸ್‌ಎಲ್ 1984ರ ಋತು ಮುಗಿಸಿ ಕಣ್ಮುಚ್ಚಿತು. ಎಂಎಲ್‌ಎಸ್‌ನಲ್ಲಿ ಆಟಗಾರರ ಕರಾರು ತಂಡದ ಜೊತೆ ಅಲ್ಲ, ಲೀಗ್ ಜೊತೆ, ಸಂಬಳಕ್ಕೂ ಮಿತಿ ಅಂತ ಇಟ್ಟಿದ್ದು ಆ ಪೆಟ್ಟು ತಿಂದಿದ್ದಕ್ಕೇ.

ಹಾಫ್‌ಟೈಮ್:
ಕೊಲಂಬಸ್ ಅಂದ್ರೆ ಮೆಕ್ಸಿಕೊದವರನ್ನೂ ಕೇಳಿ. 2001, 2005, 2009, 2013, ನಾಲ್ಕೂ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಅಲ್ಲಿ ಅಮೆರಿಕ ಎದುರು 2-0 ಸೋಲು. 2001ರದ್ದು ಫೆಬ್ರವರಿ ಚಳಿಯಲ್ಲಿ. 2016ರಲ್ಲಿ 2-1ಕ್ಕೆ ಗೆದ್ದು ಸೇಡು ತೀರಿಸ್ಕೊಂಡ್ರು ಅನ್ನಿ.