‘ಪ್ರೋಟೀನ್ ಕೈನೇಸ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಪದವಿ ತರಗತಿಯ ಜೀವರಸಾಯನಶಾಸ್ತ್ರದ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪ್ರೋಟೀನ್ ಕೈನೇಸ್ ಸಿ ಬಳಗವು ಜೀವಕೋಶದೊಳಗಿನ ಸಂಕೇತ ರವಾನೆಯನ್ನು ಹೇಗೆ ನಿಯಂತ್ರಿಸುತ್ತದೆ ಎಂಬ ಅಧ್ಯಾಯ ಈ ವಾರವೇ ಅಚ್ಚಿಗೆ ಹೋಗಬೇಕಿದೆ. ಕೈನೇಸ್‌ಗೆ ‘ಪ್ರಚೋದಕ ಕಿಣ್ವ’ ಎಂದೂ, ಅದು ಫಾಸ್ಫೇಟನ್ನು ಕೂಡಿಸುವ ಕ್ರಿಯೆಗೆ ‘ಫಾಸ್ಫೇಟೀಕರಣ’ ಎಂದೂ ಬರೆದಿದ್ದೇನೆ. ಇವೆರಡೂ ಸರಿಯೇ?

ಉತ್ತರ:
‘ಪ್ರಚೋದಕ’ ಖಂಡಿತ ಸಲ್ಲದು. ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯ ಕೊನೆಯ ಫಾಸ್ಫೇಟನ್ನು ತೆಗೆದು ಇನ್ನೊಂದು ಪ್ರೋಟೀನಿನ ಸೆರೀನ್, ಥ್ರಿಯೋನೀನ್ ಅಥವಾ ಟೈರೋಸೀನ್ ಎಂಬ ಅಮೈನೋ ಆಮ್ಲದ ಮೇಲೆ ಕೂರಿಸುವುದಷ್ಟೇ ಈ ಕಿಣ್ವಗಳ ಕೆಲಸ. ಅದರಿಂದ ಆ ಪ್ರೋಟೀನು ಚುರುಕಾಗುವುದೋ ತಣ್ಣಗಾಗುವುದೋ ಆಯಾ ಪ್ರೋಟೀನಿಗೆ ಬಿಟ್ಟದ್ದು. ಅಡ್ರಿನಲಿನ್ನಿನ ಒಂದೇ ಸಂಕೇತ ಬಂದಾಗ ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನನ್ನು ಒಡೆಯುವ ಫಾಸ್ಫಾರಿಲೇಸ್ ಫಾಸ್ಫೇಟ್ ಪಡೆದು ಎಚ್ಚರಗೊಳ್ಳುತ್ತದೆ, ಗ್ಲೈಕೋಜನನ್ನು ಕಟ್ಟುವ ಸಿಂಥೇಸ್ ಅದೇ ಫಾಸ್ಫೇಟ್ ಪಡೆದು ಕೈಕಟ್ಟಿ ಕೂರುತ್ತದೆ. ಹೀಗೆ ಫಾಸ್ಫೇಟ್ ಕೂಡಿಸಿ ಕಳೆಯುವುದರಿಂದಲೇ ಪ್ರೋಟೀನುಗಳು ಹತೋಟಿಗೆ ಬರುತ್ತವೆ ಎಂದು ಕಂಡುಕೊಂಡುದಕ್ಕಾಗಿಯೇ ಜೀವರಸಾಯನ ವಿಜ್ಞಾನಿಗಳಾದ ಫಿಷರ್ ಮತ್ತು ಕ್ರೆಬ್ಸ್ ಅವರಿಗೆ 1992ರ ನೊಬೆಲ್ ಸಂದಿತು. ‘ಪ್ರಚೋದಕ’ ಎಂದು ಓದಿದ ವಿದ್ಯಾರ್ಥಿ ಸಿಂಥೇಸಿನ ಬಳಿ ಬಂದಾಗ ದಾರಿ ತಪ್ಪುತ್ತಾನೆ.

ಮತ್ತೊಂದು ಉತ್ತರ:
ಕೈನೇಸಿನ ಗ್ರೀಕ್ ಧಾತುವಿಗೆ ‘ಚಲಿಸು’ ಎಂದೇ ಅರ್ಥವಾದ್ದರಿಂದ ‘ಚಾಲಕ ಕಿಣ್ವ’ ಎನ್ನಬಹುದು. ಆದರೆ ‘ಫಾಸ್ಫೇಟೀಕರಣ’ವನ್ನು ಒಪ್ಪಲಾರೆ. ಗ್ರೀಕ್ ಮೂಲದ ನಾಮಪದಕ್ಕೆ ಸಂಸ್ಕೃತದ ಬಾಲ ಕಟ್ಟುವುದು ಅರಿಸಮಾಸಕ್ಕಿಂತ ಕೀಳು. ಕನ್ನಡಕ್ಕೆ ತನ್ನದೇ ಕೃದಂತಗಳಿವೆ. ಆದೇಶ ಸಂಧಿ ತಿಳಿದವರಿಗೆ ‘ಫಾಸ್ಫೇಟ್‌ಗೂಡಿಕೆ’ ಸಹಜವಾಗಿಯೇ ಹೊಳೆಯಬೇಕು.

ಮೊದಲ ಉತ್ತರದವರಿಂದ:
ಧಾತುವನ್ನು ಹಿಡಿದು ಅರ್ಥವನ್ನು ಕೈಬಿಡಬಾರದು. ‘ಚಾಲಕ’ದಲ್ಲಿಯೂ ‘ಪ್ರಚೋದಕ’ದ ದೋಷವೇ ಇದೆ. ಇನ್ನು ‘ಖಾಸಗೀಕರಣ’ದಲ್ಲಿ ಅರಬ್ಬಿ ಮೂಲದ ಶಬ್ದಕ್ಕೆ ಇದೇ ಬಾಲವಿದ್ದರೂ ಅದನ್ನು ಪತ್ರಿಕೆಯಲ್ಲಿ ಓದುವ ಯಾರೂ ಎಡವುವುದಿಲ್ಲ. ಎರವಲು ಬಂದ ಪ್ರತ್ಯಯವೂ ಬಳಸುತ್ತ ಬಳಸುತ್ತ ನಮ್ಮದಾಗುತ್ತದೆ. ಹಾಗಿದ್ದೂ ಇಲ್ಲಿ ‘ಫಾಸ್ಫೇಟ್‌ಗೂಡಿಕೆ’ಯೇ ಮೇಲು, ಆದರೆ ಶುದ್ಧಿಯ ಕಾರಣಕ್ಕಲ್ಲ: ಫಾಸ್ಫಟೇಸ್ ಕಿಣ್ವಗಳು ಮಾಡುವ ವಿರುದ್ಧ ಕ್ರಿಯೆಗೆ ‘ಫಾಸ್ಫೇಟ್‌ಗಳೆತ’ ಎಂಬ ಜೋಡಿಪದ ಅದರ ಬೆನ್ನಿಗೇ ಸಿಗುತ್ತದೆ. ‘ನಿಷ್ಫಾಸ್ಫೇಟೀಕರಣ’ವನ್ನು ತರಗತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಾರರು.

‘ಕೈನೇಸ್’ ಹಾಗೆಯೇ ಇರಲಿ. ಹೆಸರಿನ ಕೊನೆಯ ‘ಸಿ’ಯನ್ನೂ ಮುಟ್ಟಬೇಡಿ, ಅದು ಕ್ಯಾಲ್ಸಿಯಂ ಅನ್ನು ಸೂಚಿಸುವುದರಿಂದ ‘ಮೂರನೆಯ ಕೈನೇಸ್’ ಎಂದೋ ‘ಗ ಕೈನೇಸ್’ ಎಂದೋ ಮಾಡಿದರೆ ಅರ್ಥ ಕೆಡುತ್ತದೆ. ಜಪಾನಿನ ನಿಶಿಜುಕಾ ಮತ್ತು ಸಂಗಡಿಗರು 1977ರಲ್ಲಿ ಗುರುತಿಸಿದ ಈ ಬಳಗದಲ್ಲಿ ಕ್ಯಾಲ್ಸಿಯಂ ಮತ್ತು ಡೈಅಸೈಲ್‌ಗ್ಲಿಸರಾಲ್ (ಕೋಶಪೊರೆಯಲ್ಲಿ ಹುಟ್ಟುವ ಕೊಬ್ಬಿನ ಅಣು) ಎರಡನ್ನೂ ಬೇಡುವವು, ಡೈಅಸೈಲ್‌ಗ್ಲಿಸರಾಲ್ ಒಂದನ್ನೇ ಬೇಡುವವು, ಎರಡನ್ನೂ ಬೇಡದವು ಎಂದು ಮೂರು ಪಂಗಡಗಳಿವೆ. ಅವನ್ನು ಕ್ರಮವಾಗಿ ‘ರೂಢ’, ‘ನವ್ಯ’, ‘ಅಪರೂಢ’ ಎನ್ನಬಹುದು. ಕ್ಯಾಲ್ಸಿಯಂ ಬೇಡದ ಪಂಗಡಗಳಿಗೂ ‘ಸಿ’ ಉಳಿದಿರುವುದು ರಚನೆಯ ನಂಟಿನಿಂದ ಎಂದು ಒಂದು ಮಾತು ಸೇರಿಸಿ.

ಅಚ್ಚಿಗೆ ಈ ವಾಕ್ಯವನ್ನು ಕೊಡಿ: ‘ವಿರಾಮದಲ್ಲಿರುವಾಗ ರೂಢ ಪ್ರೋಟೀನ್ ಕೈನೇಸ್ ಸಿಯ ಕ್ರಿಯಾಸ್ಥಾನವನ್ನು ಅದರದೇ ಒಂದು ತುಣುಕು ಮುಚ್ಚಿರುತ್ತದೆ, ಸಂಕೇತ ಬಂದು ಕ್ಯಾಲ್ಸಿಯಂ ಏರಿ, ಕೋಶಪೊರೆಯಲ್ಲಿ ಡೈಅಸೈಲ್‌ಗ್ಲಿಸರಾಲ್ ಹುಟ್ಟಿದಾಗ ಕಿಣ್ವವು ಪೊರೆಗೆ ಅಂಟಿಕೊಳ್ಳುತ್ತದೆ, ಆ ತುಣುಕು ಸರಿಯುತ್ತದೆ, ಫಾಸ್ಫೇಟ್‌ಗೂಡಿಕೆ ಆರಂಭವಾಗುತ್ತದೆ.’ ಕಿಣ್ವ ಫಾಸ್ಫೇಟ್ ಕೂಡಿಸುವ ಪ್ರೋಟೀನಿನಂತೆ (ಅಂದರೆ ಕ್ರಿಯಾಧಾರದಂತೆ) ನಟಿಸುವ ಆ ತುಣುಕಿಗೆ ‘ಹುಸಿ ಕ್ರಿಯಾಧಾರ’ ಎನ್ನಿ. ‘ಮಿಥ್ಯಾ’ ಬೇಡ, ‘ಹುಸಿ’ ಸಾಕು.